ಪಂಕ್ತಿಭೇದ ಇಲ್ಲದ ಸಭೆ: ಸಭಾಸೇವಕರ ಕರೆ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 6:1–7, 1 ತಿಮೊಥೆಯನಿಗೆ 3:8–13

ದಾವಣಗೆರೆಯಲ್ಲಿ ಇಲ್ಲಿ ಕೂತಿರೋರೂ, ಹರಿಹರದ ಕೂಟದಿಂದ ಬಂದಿರೋರೂ, ಶಿಫ್ಟ್ ಇದ್ದ ಕಾರಣ ಬರಲಾಗದೆ ಇದನ್ನು ಆಮೇಲೆ ಫೋನಿನಲ್ಲಿ ಓದೋರೂ, ಎಲ್ಲರೂ ಒಂದ್ಸಲ ಹಲ್ಲೆಲೂಯಾ ಹೇಳಿ.

ಮುಂದಿನ ತಿಂಗಳು ನಮ್ಮ ಸಭೆ ಸಭಾಸೇವಕರನ್ನು ಆರಿಸಬೇಕು. ನಾವು ಮಾತಾಡುವಾಗ ‘ಡೀಕನ್’ ಅಂತೀವಿ, ಕನ್ನಡ ಬೈಬಲಿನಲ್ಲಿ ‘ಸಭಾಸೇವಕರು’ ಅಂತ ಇದೆ. ಇದರ ಬಗ್ಗೆ ಯೌವನಸ್ಥರು ನನ್ನನ್ನು ಕೇಳ್ತಿರುವ ಪ್ರಶ್ನೆ ಒಂದೇ: “ಪಾಸ್ಟರ್, ಡೀಕನ್ ಅಂದ್ರೆ ಕಾಣಿಕೆ ಚೀಲ ಹಿಡಿಯೋದು, ಕುರ್ಚಿ ಹಾಕೋದು, ಬೈಕ್ ಸಾಲಾಗಿ ನಿಲ್ಲಿಸೋದು, ಅಷ್ಟೇ ಅಲ್ವಾ? ನನಗೆ ದೇವರ ಸೇವೆ ಮಾಡಬೇಕು ಅಂತ ಆಸೆ. ವರ್ಷಿಪ್ ಟೀಮಿಗೆ ಹಾಕಿ.” ಆಸೆ ಒಳ್ಳೇದೇ. ಆದರೆ ಆ ಮಾತಿನಲ್ಲಿ ಕುರ್ಚಿ ಹಾಕೋದು ದೇವರ ಸೇವೆ ಅಲ್ಲ ಅನ್ನೋ ಅರ್ಥ ಅಡಗಿದೆ ನೋಡಿ. ಇವತ್ತು ಅದನ್ನೇ ವಾಕ್ಯದ ಬೆಳಕಿನಲ್ಲಿ ಪರೀಕ್ಷಿಸೋಣ.

1. ಮೊದಲ ಸಭೆಯಲ್ಲಿ ಬಂದ ಗೊಣಗಾಟ

ಬೈಬಲ್ ತೆರೆದು ಇಟ್ಟುಕೊಳ್ಳಿ. ನಾನು ನನ್ನ ಮಾತಿನಲ್ಲೇ ಹೇಳ್ತಾ ಹೋಗ್ತೀನಿ. ಯೆರೂಸಲೇಮಿನ ಸಭೆ ಬೆಳೀತಾ ಇತ್ತು. ಸಾವಿರಾರು ಜನ ರಕ್ಷಣೆ ಹೊಂದಿದ್ದರು, ಅದ್ಭುತಗಳು ನಡೀತಿದ್ದವು. ಅಂಥ ಅಭಿಷೇಕದ ಸಭೆಯಲ್ಲೇ ಗೊಣಗಾಟ ಶುರುವಾಯಿತು. ಯಾಕೆ? ಉಪದೇಶ ಸರಿ ಇಲ್ಲ ಅಂತಲ್ಲ. ಊಟದ ವಿಷಯಕ್ಕೆ!

ಆ ಸಭೆಯಲ್ಲಿ ಎರಡು ಗುಂಪಿನ ಯೆಹೂದ್ಯರಿದ್ದರು. ಒಂದು ಗುಂಪು ಅಲ್ಲಿಯದೇ ಭಾಷೆ ಆಡುವವರು. ಇನ್ನೊಂದು ಗುಂಪು ಗ್ರೀಕ್ ಮಾತಾಡುವವರು. ಹೊರದೇಶಗಳಲ್ಲಿದ್ದ ಎಷ್ಟೋ ಯೆಹೂದ್ಯರು ವಯಸ್ಸಾದ ಮೇಲೆ ಪರಿಶುದ್ಧ ಪಟ್ಟಣದಲ್ಲೇ ಕಣ್ಣು ಮುಚ್ಚಬೇಕು ಅಂತ ಯೆರೂಸಲೇಮಿಗೆ ಬರ್ತಿದ್ದರು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಗಂಡ ತೀರಿಕೊಂಡರೆ ಹೆಂಡತಿಗೆ ಆ ಊರಲ್ಲಿ ಅಣ್ಣತಮ್ಮಂದಿರಿಲ್ಲ, ಹೊಲಮನೆ ಇಲ್ಲ, ಭಾಷೆನೂ ಸರಿಯಾಗಿ ಬರಲ್ಲ. ಸಭೆ ದಿನದಿನ ಹಂಚುತ್ತಿದ್ದ ಊಟವೇ ಆಕೆಗೆ ಗತಿ. ಆ ಹಂಚಿಕೆಯಲ್ಲಿ ಈ ವಿಧವೆಯರು ಬಿಟ್ಟುಹೋಗ್ತಿದ್ದರು.

ನಮ್ಮ ಕಡೆ ಇದಕ್ಕೆ ಒಂದು ಪದ ಇದೆ: ಪಂಕ್ತಿಭೇದ. ಒಂದೇ ಮನೆಯ ಊಟ, ಆದರೆ ಒಬ್ಬರ ಎಲೆಗೆ ಬಡಿಸಿದ್ದು ಇನ್ನೊಬ್ಬರ ಎಲೆಗೆ ಬರಲ್ಲ. ಬೇಕಂತಲೇ ಮಾಡಿದರು ಅಂತ ವಾಕ್ಯ ಹೇಳಲ್ಲ. ಜನ ಹೆಚ್ಚಾದರು, ಬಡಿಸುವವರಿಗೆ ಕಂಡವರಿಗೆ ಸಿಕ್ಕಿತು, ಕಾಣದವರು ಬಿಟ್ಟುಹೋದರು. ಆದರೂ ಹಸಿದವಳಿಗೆ ಹೊಟ್ಟೆ ಒಂದೇ ಅಲ್ವಾ?

ಅಪೊಸ್ತಲರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. “ಇವರಿಗೆ ಆತ್ಮೀಕ ಬೆಳವಣಿಗೆ ಇಲ್ಲ” ಅನ್ನಲಿಲ್ಲ. ಇಡೀ ಸಭೆಯನ್ನು ಕರೆದು, ಏಳು ಜನರನ್ನು ನೀವೇ ಆರಿಸಿಕೊಳ್ಳಿ ಅಂದರು. ಸಭೆ ಆರಿಸಿತು, ಅಪೊಸ್ತಲರು ಪ್ರಾರ್ಥಿಸಿ ಅವರ ಮೇಲೆ ಕೈಯಿಟ್ಟರು. 7ನೇ ವಚನ ನೋಡಿ: ಆಮೇಲೆ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು, ಯಾಜಕರಲ್ಲೂ ಬಹಳ ಜನ ನಂಬಿದರು. ಪಂಕ್ತಿ ಸರಿಯಾಯಿತು, ಉಜ್ಜೀವನ ಮುಂದುವರೀತು. ಆಮೆನ್ ಅನ್ನಿ!

2. ಒಂದೇ ಪದ, ಎರಡು ಸೇವೆ

ಕನ್ನಡದಲ್ಲಿ ಓದುವಾಗ ಒಂದು ವಿಷಯ ಸುಲಭವಾಗಿ ಕಾಣಲ್ಲ. ಗ್ರೀಕ್ ಮೂಲದಲ್ಲಿ ದಿನದಿನದ ಹಂಚಿಕೆಗೆ ಬಳಸಿರೋ ಪದ ‘ಡಿಯಾಕೊನಿಯಾ’. 4ನೇ ವಚನದಲ್ಲಿ ಅಪೊಸ್ತಲರು ತಾವು ಮಾಡುವ ವಾಕ್ಯದ ಸೇವೆಗೆ ಬಳಸಿರೋ ಪದವೂ ‘ಡಿಯಾಕೊನಿಯಾ’. ಅನ್ನ ಬಡಿಸೋದಕ್ಕೂ ವಾಕ್ಯ ಬಡಿಸೋದಕ್ಕೂ ಪವಿತ್ರಾತ್ಮನು ಇಟ್ಟ ಹೆಸರು ಒಂದೇ. ಪ್ರಸಂಗಪೀಠಕ್ಕೆ ಒಂದು ಗೌರವ, ಪಾತ್ರೆಗೆ ಒಂದು ಗೌರವ ಅಂತ ನಾವು ಮಾಡಿಕೊಂಡಿದ್ದೇವೆ.

ಈ ಅಧ್ಯಾಯದಲ್ಲಿ ಆ ಏಳು ಜನರನ್ನು ‘ಡಿಯಾಕೊನೊಸ್’ ಅಂತ ನೇರವಾಗಿ ಕರೆದಿಲ್ಲ ಅನ್ನೋದೂ ನಿಜ. ಆದರೆ ಅವರಿಗೆ ಕೊಟ್ಟ ಕೆಲಸಕ್ಕೆ ಅದೇ ಪದ. ಮುಂದೆ ಫಿಲಿಪ್ಪಿಯವರಿಗೆ 1:1ರಲ್ಲಿ ಪೌಲನು ಸಭಾಧ್ಯಕ್ಷರ ಜೊತೆಗೇ ಸಭಾಸೇವಕರಿಗೂ ವಂದನೆ ಹೇಳುತ್ತಾನೆ. ಅಷ್ಟು ಹೊತ್ತಿಗೆ ಅದೊಂದು ನೇಮಿತ ಸೇವೆಯಾಗಿತ್ತು. ಎಲ್ಲಕ್ಕಿಂತ ಮೊದಲು, ಮಾರ್ಕ 10:45ರಲ್ಲಿ ಯೇಸು ತಾನು ಬಂದ ಉದ್ದೇಶ ಹೇಳುವಾಗ ಬಳಸಿದ ಸೇವೆಯ ಪದವೂ ಇದೇ ಬೇರಿನದು. ಅಂದರೆ ಮೊದಲ ಡೀಕನ್ ಯಾರು? ನಮ್ಮ ಕರ್ತನೇ! ಟವೆಲ್ ಕಟ್ಟಿಕೊಂಡು ಕಾಲು ತೊಳೆದವನು ಆತನೇ.

ನಮ್ಮ ಊರಲ್ಲೇ ಈ ಪದಕ್ಕೆ ಬೇರೆ ಬೇರೆ ಬಳಕೆ ಇದೆ. ಹರಿಹರದಲ್ಲಿ ಆರೋಗ್ಯ ಮಾತೆ ಬಸಿಲಿಕಾ ಇದೆ, ನಿಮಗೆಲ್ಲ ಗೊತ್ತು. ಆ ಕಥೋಲಿಕ ಸಹೋದರರಲ್ಲಿ ಗುರುಗಳಾಗುವವರು ಮೊದಲು ಡೀಕನ್ ದೀಕ್ಷೆ ಪಡೀತಾರೆ. ಸಿಎಸ್‌ಐ ಸಭೆಗಳಲ್ಲೂ ಪ್ರೆಸ್ಬಿಟರ್ ಆಗುವ ಮೊದಲು ಡೀಕನ್ ಆಗಿ ಸೇವೆ ಮಾಡ್ತಾರೆ. ನಮ್ಮಂಥ ಪೆಂತೆಕೊಸ್ತ ಸಭೆಗಳಲ್ಲಿ ಸಾಮಾನ್ಯವಾಗಿ ಬೇರೆ ಉದ್ಯೋಗ ಮಾಡ್ಕೊಂಡಿರೋ ವಿಶ್ವಾಸಿಗಳನ್ನೇ ಆರಿಸ್ತೀವಿ. ಕ್ರಮ ಬೇರೆ ಇರಬಹುದು. ಪದದ ಅರ್ಥ ಮಾತ್ರ ಸೇವಕ.

3. ಆ ಏಳು ಹೆಸರು

ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನು ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಆ ಮತಕ್ಕೆ ಸೇರಿದವನು. ಯಾರು ಬಿಟ್ಟುಹೋಗಿದ್ದರೋ ಅವರ ಭಾಷೆ, ಅವರ ಕಷ್ಟ ಗೊತ್ತಿದ್ದವರ ಕೈಗೇ ಸಭೆ ಜವಾಬ್ದಾರಿ ಕೊಟ್ಟ ಹಾಗೆ ಕಾಣುತ್ತೆ. ಇದು ದೊಡ್ಡ ಮನಸ್ಸು. ನಾವಾಗಿದ್ದರೆ ಏನು ಮಾಡ್ತಿದ್ವಿ? “ನಮ್ಮೋರೇ ಇರಲಿ, ಅವರಿಗೆ ಸ್ವಲ್ಪ ಜಾಸ್ತಿ ಕೊಡೋಣ” ಅಂತಿದ್ವಿ.

ಅವರಿಗೆ ಇದ್ದ ಅರ್ಹತೆ ಮೂರು: ಒಳ್ಳೆ ಹೆಸರು, ಪವಿತ್ರಾತ್ಮಭರಿತ ಜೀವನ, ಜ್ಞಾನ. ಅನ್ನ ಬಡಿಸೋಕೆ ಪವಿತ್ರಾತ್ಮ ಯಾಕೆ ಬೇಕು? ಬಡಿಸುವವನ ಕಣ್ಣು ತನ್ನ ಜನದ ಎಲೆಯನ್ನೇ ಮೊದಲು ಹುಡುಕುತ್ತೆ, ಅದಕ್ಕೆ ಬೇಕು. ಅನ್ಯಭಾಷೆಯಲ್ಲಿ ಮಾತಾಡಿಸುವ ಆತ್ಮನೇ, ನಮ್ಮ ಭಾಷೆ ಆಡದ ಅಜ್ಜಿಯ ಹಸಿವನ್ನೂ ಕೇಳಿಸುತ್ತಾನೆ.

ಅವರು ಪಾತ್ರೆ ಹಿಡಿದು ಅಲ್ಲೇ ಉಳಿದರಾ? ಸ್ತೆಫನನು ಮೊದಲ ರಕ್ತಸಾಕ್ಷಿಯಾದ. ಫಿಲಿಪ್ಪನು ಸಮಾರ್ಯಕ್ಕೆ ಸುವಾರ್ತೆ ತಗೊಂಡು ಹೋದ, ಐಥಿಯೋಪ್ಯದ ಅಧಿಕಾರಿಗೆ ದೀಕ್ಷಾಸ್ನಾನ ಮಾಡಿಸಿದ. ಬೇರೆ ಭಾಷೆಯ ವಿಧವೆಯರಿಗೆ ಬಡಿಸಲು ಆರಿಸಿದವನನ್ನೇ ದೇವರು ಮುಂದೆ ಬೇರೆ ಜನಾಂಗಗಳ ಕಡೆಗೆ ನಡೆಸಿದನು.

4. ಯಾರು ಆಗಬಹುದು?

1 ತಿಮೊಥೆಯನಿಗೆ 3ನೇ ಅಧ್ಯಾಯದಲ್ಲಿ ಪಟ್ಟಿ ಇದೆ. ಗೌರವದ ನಡತೆ. ಎರಡು ನಾಲಿಗೆ ಇರಬಾರದು. ಮದ್ಯಕ್ಕೆ ದಾಸನಾಗಿರಬಾರದು. ಹಣದಾಸೆ ಇರಬಾರದು. ಶುದ್ಧ ಮನಸ್ಸಾಕ್ಷಿಯಿಂದ ನಂಬಿಕೆಯನ್ನು ಹಿಡಿದಿರಬೇಕು. ಮನೆಯಲ್ಲಿ ನಂಬಿಗಸ್ತನಾಗಿರಬೇಕು. ಮೊದಲು ಪರೀಕ್ಷೆ, ಆಮೇಲೆ ಸೇವೆ. ಈ ಪಟ್ಟಿಯಲ್ಲಿ ಡಿಗ್ರಿ ಇಲ್ಲ, ಸಂಬಳ ಇಲ್ಲ, ಯಾವ ಮನೆತನ ಅಂತ ಇಲ್ಲ, “ನಿಮ್ಮದು ಯಾವ ಜನ?” ಅನ್ನೋ ಪ್ರಶ್ನೆಯೂ ಇಲ್ಲ.

ಎರಡು ನಾಲಿಗೆ ಅನ್ನೋದನ್ನ ಸ್ವಲ್ಪ ನೋಡ್ರಿ. ಸಭಾಸೇವಕ ಮನೆಮನೆಗೆ ಹೋಗ್ತಾನೆ. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರ ಮಗ ಕುಡೀತಾನೆ, ಯಾರು ಸಾಲದಲ್ಲಿದ್ದಾರೆ, ಎಲ್ಲಾ ಗೊತ್ತಾಗುತ್ತೆ. ಅದನ್ನು ಪ್ರಾರ್ಥನಾ ವಿಷಯ ಅನ್ನೋ ಹೆಸರಲ್ಲಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸೇವೆ ಅಲ್ಲಿಗೇ ಮುಗೀತು.

ಇನ್ನು ಹಣ. 2 ಕೊರಿಂಥದವರಿಗೆ 8:20–21ರಲ್ಲಿ ಪೌಲನು ಕಾಣಿಕೆ ಸಾಗಿಸುವಾಗ ಯಾರೂ ಬೆರಳು ತೋರಿಸದಂತೆ ಎಚ್ಚರ ವಹಿಸಿದ್ದೇನೆ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಎಂಬ ಅರ್ಥದಲ್ಲಿ ಬರೀತಾನೆ. ಅಷ್ಟು ದೊಡ್ಡ ಅಪೊಸ್ತಲನೇ ಒಬ್ಬನೇ ಹಣ ಹೊತ್ತುಕೊಂಡು ಹೋಗಲಿಲ್ಲ, ಸಭೆಗಳು ನೇಮಿಸಿದ ಜೊತೆಗಾರರಿದ್ದರು. ಯೋಹಾನ 12:6ರಲ್ಲಿ ಹಣದ ಚೀಲ ಯಾರ ಹತ್ತಿರ ಇತ್ತು? ಇಸ್ಕರಿಯೋತ ಯೂದನ ಹತ್ತಿರ. ಆದ್ದರಿಂದ ಕಾಣಿಕೆ ಎಣಿಸುವಾಗ ಯಾವಾಗಲೂ ಇಬ್ಬರು ಇರಲಿ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಯದೇ ಆಗಿರಲಿ, ಪಾಸ್ಟರ್ ಖಾತೆಯದೂ ಬೇಡ, ಡೀಕನ್ ಖಾತೆಯದೂ ಬೇಡ. ತಿಂಗಳಿಗೊಮ್ಮೆ ಲೆಕ್ಕ ಓದಿ ಹೇಳಲಿ. ಲೆಕ್ಕ ಕೇಳೋದು ಅಪನಂಬಿಕೆ ಅಲ್ಲ. ಅದು ಸೇವಕನಿಗೇ ರಕ್ಷಣೆ.

5. ಸಹೋದರಿಯರ ವಿಷಯ

ರೋಮಾಪುರದವರಿಗೆ 16:1 ತೆಗೀರಿ. ಕೆಂಖ್ರೆಯ ಸಭೆಯ ಫೊಯಿಬೆ ಎಂಬ ಸಹೋದರಿಗೆ ಪೌಲನು ಬಳಸಿರೋ ಪದ ‘ಡಿಯಾಕೊನೊಸ್’. ತನಗೂ ಬಹಳ ಜನರಿಗೂ ಆಕೆ ಆಸರೆಯಾದಳು ಅನ್ನುತ್ತಾನೆ. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯ ಸೀಮೆಯ ರೋಮನ್ ಅಧಿಪತಿ ಪ್ಲಿನಿ, ಚಕ್ರವರ್ತಿ ತ್ರಾಜಾನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ‘ಸೇವಕಿಯರು’ ಎಂದು ಕರೆಯುವ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಣೆ ಮಾಡಿದೆ ಅಂತ ತಿಳಿಸುತ್ತಾನೆ. ಲೋಕದ ಕಣ್ಣಿಗೆ ದಾಸಿಯರು, ಸಭೆಯಲ್ಲಿ ಸೇವೆಯ ಹೆಸರು ಪಡೆದವರು! ನಮ್ಮ ಬೆಂಗಳೂರಿನಲ್ಲೇ, ಇನ್‌ಫೆಂಟ್ರಿ ರಸ್ತೆಯ ವಿಶ್ರಾಂತಿ ನಿಲಯದಲ್ಲಿ ಸಿಎಸ್‌ಐ ಸಹೋದರಿಯರ ಸಂಘ ಸೇವೆ ಮಾಡಿಕೊಂಡು ಬಂದಿದೆ. ವಿಧವೆಯ ಮನೆ ಬಾಗಿಲು ತಟ್ಟೋಕೆ ಸಹೋದರಿಯರಿಗಿಂತ ಯೋಗ್ಯರು ಯಾರು? ನಾಮಪತ್ರದಲ್ಲಿ ಸಹೋದರಿಯರ ಹೆಸರು ಬರೆಯಲು ಹಿಂಜರಿಯಬೇಡಿ.

6. ನಮ್ಮ ಎರಡು ಊರು, ಒಂದು ಸಭೆ

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿ.ಮೀ. ಬೈಕ್ ಇರೋರಿಗೆ ಅದು ದೂರವೇ ಅಲ್ಲ. ಮಂಡಿ ನೋವಿರೋ ಅಜ್ಜಿಗೆ ಅದು ಬೇರೆ ದೇಶ. ಹಬ್ಬದ ಸಮಯದಲ್ಲಿ ಸಭೆ ಕೊಡುವ ರೇಷನ್ ಕಿಟ್ ಇಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ ಹಂಚಲಾಗುತ್ತೆ. ಹರಿಹರದ ಕೂಟದ ಇಬ್ಬರು ತಾಯಂದಿರು ನನಗೆ ಹೇಳಿದರು: “ಅಯ್ಯನೋರೇ, ನಾವು ಬೇಡೋದಿಲ್ಲ. ಆದ್ರೆ ಬರಾಕ ಆಗದೋರ ಹೆಸರು ಯಾರ ಹತ್ರ ಐತಿ?”

ಇದು ಕೃತ್ಯಗಳು 6:1 ಅಲ್ಲವಾ? ಯಾರ ಕೆಟ್ಟ ಮನಸ್ಸೂ ಇಲ್ಲ. ಹೆಸರು ಬರೆದ ಪಟ್ಟಿ ಇಲ್ಲ, ತಗೊಂಡು ಹೋಗುವ ಕೈ ಇಲ್ಲ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ರಕ್ತಸಾಕ್ಷಿ, ಆರಾಧನೆಗೆ ಬರಲಾಗದವರ ಮನೆಗೆ ಕರ್ತನ ಭೋಜನದ ರೊಟ್ಟಿಯನ್ನು ಡೀಕನರೇ ಒಯ್ಯುತ್ತಿದ್ದರು ಅಂತ ಬರೆದಿದ್ದಾನೆ. ಬಂದವರಿಗೆ ಕೊಡೋಕೆ ಯಾರಾದರೂ ಸಾಕು. ಬರದವರನ್ನು ನೆನಪಿಡೋಕೆ ಸಭಾಸೇವಕ ಬೇಕು.

ಆದ್ದರಿಂದ ಹರಿಹರದ ಕೂಟದಿಂದಲೇ ಕನಿಷ್ಠ ಇಬ್ಬರು, ಅವರಲ್ಲಿ ಒಬ್ಬರು ಸಹೋದರಿ, ಆರಿಸಲ್ಪಡಬೇಕು ಅಂತ ನಾನು ಸಭೆಯ ಮುಂದೆ ಇಡ್ತಾ ಇದ್ದೀನಿ. ತೆಲುಗು, ತಮಿಳು, ಲಂಬಾಣಿ ಮಾತಾಡುವ ಕುಟುಂಬಗಳ ಕಷ್ಟ ಬಲ್ಲವರೂ ಇರಲಿ. ಕೆಲಸ ಏನು ಅಂತ ಕೇಳ್ತೀರಾ? ಬರಲಾಗದವರ ಪಟ್ಟಿ ಇಡೋದು. ವಾರಕ್ಕೆ ಒಂದ್ಸಲ ಅವರ ಮನೆಗೆ ಹೋಗೋದು. ವಿಧವಾ ವೇತನ, ಸಂಧ್ಯಾ ಸುರಕ್ಷಾ ಅರ್ಜಿಗೆ ನಾಡಕಚೇರಿಗೆ ಜೊತೆಗೆ ಹೋಗೋದು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಶ್ವಾಸಿ ದಾಖಲಾದರೆ ರಾತ್ರಿ ಜೊತೆ ಕೂರೋದು. ಹಾಸ್ಟೆಲ್, ಪಿಜಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಊಟ ಮಾಡಿದರಾ ಅಂತ ಕೇಳೋದು. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ, ಯಾರೂ ಲೈವ್ ಹಾಕಲ್ಲ.

ಒಂದು ಎಚ್ಚರಿಕೆನೂ ಹೇಳ್ತೀನಿ. ಸಭಾಸೇವಕರು ಪಾಸ್ಟರ್ ಮನೆಯ ಕೆಲಸದವರಲ್ಲ. ಪಾಸ್ಟರನ್ನು ಹದ್ದುಬಸ್ತಿನಲ್ಲಿಡುವ ಕಮಿಟಿಯೂ ಅಲ್ಲ. ಅದು ತಂದೆಯಿಂದ ಮಗನಿಗೆ ಬರುವ ಕುರ್ಚಿಯೂ ಅಲ್ಲ. ರೋಮಿನ ಡೀಕನ್ ಲಾರೆನ್ಸ್ ಕ್ರಿ.ಶ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಹಿಂಸೆಯಲ್ಲಿ ಕೊಲ್ಲಲ್ಪಟ್ಟ. ಅಧಿಕಾರಿ ಸಭೆಯ ಖಜಾನೆ ತಂದು ಒಪ್ಪಿಸು ಅಂದಾಗ, ಅವನು ಬಡವರನ್ನು ಕರೆದುಕೊಂಡು ಬಂದು ನಿಲ್ಲಿಸಿ, ಇವರೇ ಖಜಾನೆ ಎಂದನು ಅಂತ ಪರಂಪರೆ ಹೇಳುತ್ತೆ. ನಮ್ಮ ಖಜಾನೆ ಎಲ್ಲಿದೆ ಅಂತ ಕೇಳಿದರೆ ನಮ್ಮ ಡೀಕನರು ಬ್ಯಾಂಕ್ ಪಾಸ್‌ಬುಕ್ ತೋರಿಸ್ತಾರಾ, ಹರಿಹರದ ಆ ತಾಯಂದಿರನ್ನು ತೋರಿಸ್ತಾರಾ?

ಈ ವಾರ ಪ್ರಾರ್ಥನೆಯಿಂದ ಎರಡು ಹೆಸರು ಬರೆಯಿರಿ. ಮೈಕ್ ಇಲ್ಲದೆಯೂ ಈಗಾಗಲೇ ಸೇವೆ ಮಾಡ್ತಿರೋರ ಹೆಸರು. ಯಾರಾದರೂ ನಿಮ್ಮ ಹೆಸರನ್ನೇ ಬರೆದರೆ, ಓಡಿಹೋಗಬೇಡಿ.

ಪ್ರಾರ್ಥಿಸೋಣ. ಪ್ರೀತಿಯ ತಂದೆಯೇ, ನಮ್ಮ ಪಂಕ್ತಿಯಲ್ಲಿ ಬಿಟ್ಟುಹೋದವರನ್ನು ಕಾಣುವ ಕಣ್ಣು ಕೊಡು. ಯೌವನಸ್ಥರ ಕೈಗಳನ್ನು ನಿನ್ನ ಆತ್ಮದಿಂದ ತುಂಬಿಸು. ದಾವಣಗೆರೆಯಲ್ಲೂ ಹರಿಹರದಲ್ಲೂ ನಿನ್ನ ಮನಸ್ಸಿಗೆ ಒಪ್ಪುವ ಸೇವಕರನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಮನೆಕೂಟದಲ್ಲಿ ಮಾತಾಡಲು:

1. ನಮ್ಮ ಕೂಟಕ್ಕೆ ಮೂರು ವಾರದಿಂದ ಬರದವರು ಯಾರು? ಯಾಕೆ ಬಂದಿಲ್ಲ ಅಂತ ಯಾರಿಗೆ ಗೊತ್ತು?

2. ಕೃತ್ಯಗಳು 6:3ರ ಮೂರು ಅರ್ಹತೆಗಳಲ್ಲಿ ನಾವು ಯಾವುದನ್ನು ಸುಲಭವಾಗಿ ಮರೆಯುತ್ತೇವೆ?

3. ಈ ತಿಂಗಳು ಯಾರ ಕಣ್ಣಿಗೂ ಬೀಳದ ಯಾವ ಒಂದು ಸೇವೆಯನ್ನು ನೀವು ತಗೊಳ್ತೀರಿ?