ಚಿಟಿಕೆ ಉಪ್ಪು

ಪತ್ರಿಕೆಯ ಅರ್ಧಪುಟವನ್ನು ಆಕ್ರಮಿಸುವ ಕೇಶತೈಲಗಳ ಮಹಿಮೆಯನ್ನಾಗಲಿ, ದೀಪಾವಳಿಯ ಮುನ್ನ ಪೇಟೆಯಲ್ಲಿ ತೂಗಾಡುವ ‘ಅರ್ಧ ಬೆಲೆ’ಯ ಫಲಕಗಳನ್ನಾಗಲಿ ಎಂದೂ ನಂಬದೆ, ಮೂವತ್ತುನಾಲ್ಕು ವರ್ಷ ಮಕ್ಕಳಿಗೆ ಅತಿಶಯೋಕ್ತಿ ಅಲಂಕಾರದ ಲಕ್ಷಣವನ್ನು ಬೋಧಿಸಿದ ನಾನು, ನಿವೃತ್ತನಾದ ಮರುವರ್ಷವೇ ಬೆಳಗಾವಿಯ ಟಿಳಕವಾಡಿಯ ನನ್ನ ಮನೆಯ ಪಡಸಾಲೆಯಲ್ಲಿ ಎರಡು ಲೋಟ ನೀರಿನೆದುರು ಕುಳಿತು ಮೋಸಹೋದೆನೆಂದರೆ ನನ್ನ ಶಿಷ್ಯರು ನಂಬಲಾರರು.

ನೀರಿನ ಫಿಲ್ಟರು ಮಾರಲು ಬಂದ ತರುಣನು ಮಿತಭಾಷಿ. ಒಂದು ಲೋಟದಲ್ಲಿ ನಮ್ಮ ನಲ್ಲಿಯ ನೀರನ್ನೂ ಇನ್ನೊಂದರಲ್ಲಿ ತನ್ನ ಸೀಸೆಯ ನೀರನ್ನೂ ಸುರಿದು, ಎರಡಕ್ಕೂ ಜೋಡುಸಳಿಗಳನ್ನು ಇಳಿಬಿಟ್ಟು, ವಿದ್ಯುತ್ತನ್ನು ಹಾಯಿಸಿ, ಕೈಕಟ್ಟಿ ನಿಂತನು. ಕ್ಷಣಾರ್ಧದಲ್ಲಿ ನಮ್ಮ ನೀರು ಕಂದಿ, ಕೆಸರಾಗಿ, ಮೇಲೆ ನೊರೆಗಟ್ಟಿತು. ಅವನದು ಸ್ಫಟಿಕದಂತೆ ಇದ್ದೇ ಇತ್ತು. “ನೋಡ್ರಿ ಸರ್,” ಎಂದನೇ ಹೊರತು ಮತ್ತೇನನ್ನೂ ಹೇಳಲಿಲ್ಲ. ಮಾತನ್ನು ಶಂಕಿಸುವ ವಿದ್ಯೆಯಲ್ಲಿ ಪಳಗಿದ್ದ ನಾನು, ಮಾತೇ ಇಲ್ಲದಲ್ಲಿ ಶಂಕಿಸುವುದೇನನ್ನು? ಹದಿನೆಂಟು ಸಾವಿರ ರೂಪಾಯಿಗಳನ್ನು ಎಣಿಸಿ ಕೊಟ್ಟೆನು. ಪಾವತಿ ಕೇಳುವುದನ್ನೂ ಮರೆತೆನು.

ಆಮೇಲೆ ನನ್ನ ಭೀತಿ ಎಷ್ಟು ಬಲಿಯಿತೆಂದರೆ, ಖಾನಾಪುರದ ಅತ್ತಿಯ ಮನೆಗೆ ಹೋಗುವಾಗಲೂ ಆ ಯಂತ್ರದ ನೀರನ್ನು ಬಾಟಲಿಯಲ್ಲಿ ಹೊತ್ತೊಯ್ದೆನು. ಕಣಕುಂಬಿಯಲ್ಲಿ ಹುಟ್ಟಿ ಹರಿದುಬರುವ ಮಲಪ್ರಭೆಯ ತಾಲೂಕಿಗೆ, ಕುಂಬಾರಿಕೆಗೆ ಹೆಸರಾದ ಊರಿಗೆ, ಬಾವಿಯ ನೀರು ಮಣ್ಣಿನ ಹರವಿಯಲ್ಲಿ ತಣ್ಣಗೆ ಕುಳಿತಿರುವ ಮನೆಗೆ, ನಾನು ಪ್ಲಾಸ್ಟಿಕ್ಕಿನ ಬಾಟಲಿಯನ್ನು ಬಗಲಲ್ಲಿರಿಸಿಕೊಂಡು ಹೋದೆನು! ಅತ್ತಿ ಒಮ್ಮೆ ಬಾಟಲಿಯನ್ನೂ ಒಮ್ಮೆ ನನ್ನನ್ನೂ ನೋಡಿ, “ಏನೋ ತಮ್ಮಾ, ನಮ್ಮ ನೀರು ನಿನಗ ಒಗ್ಗೂದಿಲ್ಲೇನು?” ಎಂದಳು.

ನಾನು ಲೋಟಗಳ ಕಥೆಯನ್ನು ವಿಸ್ತಾರವಾಗಿ ಹೇಳಿದೆನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಆಕೆಯ ಮೊಮ್ಮಗನು ನಗುತ್ತ ಎದ್ದು, ಎರಡು ಕಬ್ಬಿಣದ ಮೊಳೆಗಳನ್ನೂ ಒಂಬತ್ತು ವೋಲ್ಟಿನ ಬ್ಯಾಟರಿಯನ್ನೂ ತಂದು, ನನ್ನ ಬಾಟಲಿಯ ನೀರಿಗೇ ಮೊಳೆಗಳನ್ನಿಳಿಸಿದನು. ಏನೂ ಆಗಲಿಲ್ಲ, ನಾನು ಗೆದ್ದವನಂತೆ ಅತ್ತಿಯ ಮುಖ ನೋಡಿದೆನು. ಅವನು ಅದೇ ನೀರಿಗೆ ಒಂದು ಚಿಟಿಕೆ ಅಡುಗೆಯ ಉಪ್ಪನ್ನು ಹಾಕಿದನು. ಚಹಾ ಕುಡಿದು ಮುಗಿಸುವಷ್ಟರಲ್ಲಿ ನನ್ನ ಪರಿಶುದ್ಧ ಜಲವು ಹಸಿರುಗಂದು ಬಣ್ಣದ ಬಗ್ಗಡವಾಗಿತ್ತು. “ಮಾಮಾ, ಹೊಲಸು ನೀರಿನ್ಯಾಗಿಂದಲ್ಲ, ಮೊಳಿಯಾಗಿಂದ ಬಂತು,” ಎಂದನು. ಲವಣಗಳಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಹರಿದಾಗ ಕಬ್ಬಿಣವು ಕರಗಿ ತುಕ್ಕಾಗುತ್ತದೆ. ಲವಣಗಳನ್ನು ಸೋಸಿ ತೆಗೆದ ನೀರಿನಲ್ಲಿ ಅದು ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ರೋಗಾಣುಗಳಿಗೂ ಈ ಆಟಕ್ಕೂ ಸಂಬಂಧವೇ ಇಲ್ಲ. (ಅತ್ತಿಯ ಬಾವಿಯ ನೀರು ಅಮೃತವೆಂದು ನಾನು ಹೇಳುತ್ತಿಲ್ಲ, ಮಳೆಗಾಲದಲ್ಲಿ ಆಕೆಯೂ ಅದನ್ನು ಕಾಯಿಸಿ ಆರಿಸಿಯೇ ಕುಡಿಯುತ್ತಾಳೆ.)

ಊರಿಗೆ ಮರಳಿದ ಮೇಲೆ ಪರೀಕ್ಷಿಸಿದೆನು. ಕುಡಿಯುವ ನೀರಿನಲ್ಲಿ ಕರಗಿದ ಲವಣಾದಿಗಳು ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ; ನಮ್ಮ ನಲ್ಲಿಯ ನೀರು ನೂರನ್ನೂ ಮುಟ್ಟಲಿಲ್ಲ. ಐನೂರರ ಒಳಗಿರುವ ನೀರಿಗೆ ಲವಣ ಸೋಸುವ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹೇಳಿತ್ತಂತೆ. ನನ್ನ ಯಂತ್ರವಾದರೋ ಒಂದು ಕೊಡ ನೀರು ಕೊಡಲು ಮೂರು ಕೊಡಗಳಷ್ಟನ್ನು ಮೋರಿಗೆ ಬಿಡುತ್ತಿತ್ತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯಿದೆಯು, ಮುಖ್ಯವಾದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಎಣಿಸುತ್ತದೆ. ಆ ತರುಣನ ಮೌನಕ್ಕೆ ಇದಕ್ಕಿಂತ ಉಚಿತವಾದ ಲಕ್ಷಣವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಆದರೆ ಪಾವತಿಯಿಲ್ಲದ ನಾನು ಯಾರ ಮೇಲೆ ದೂರಲಿ?

ಕೆಲವು ತಿಂಗಳ ಮೇಲೆ ಅದೇ ತರುಣನು ಪಕ್ಕದ ಮನೆಯನ್ನು ಹೊಕ್ಕುದನ್ನು ಕಂಡು, ಉಪ್ಪಿನ ಡಬ್ಬಿಯನ್ನೇ ಹಿಡಿದುಕೊಂಡು ನಾನೂ ಹೋದೆನು. ಲೋಟಗಳ ಆಟ ಮುಗಿದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಯಜಮಾನರು ನಕ್ಕು, “ನೀವs ತಗೊಂಡೀರಿ ಅಂದ ಮ್ಯಾಲೆ ಇನ್ನೇನು ವಿಚಾರ ಮಾಡೂದೈತ್ರಿ ಮಾಸ್ತರ? ಅದಕ್ಕs ನಾವೂ ಹೂಂ ಅಂದ್ವಿ,” ಎಂದರು.