ಚಾವಡಿ ಅಳೆಯದೆ ಕೊಂಡ 4ಕೆ

ಚಾಲಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿದ್ದಾಗ ಅಂಗಡಿ ಹೊಗಬಾರದು. ಪುತ್ತೂರಿಗೆ ಮಿಕ್ಸಿ ರಿಪೇರಿಗೆಂದು ಹೋದವನು 43 ಇಂಚಿನ 4ಕೆ ಟಿವಿ ಹಾಕಿಸಿಕೊಂಡು ಬಂದೆ. ಅಷ್ಟೇ ದೊಡ್ಡ ಫುಲ್ ಎಚ್‌ಡಿ ಟಿವಿ ಪಕ್ಕದಲ್ಲೇ ಇತ್ತು, ಏಳು ಸಾವಿರ ಕಡಿಮೆಗೆ. ಆದರೆ ಅಂಗಡಿಯ ಹುಡುಗ ಗಿಳಿಯ ವಿಡಿಯೋ ಹಾಕಿದ್ದ. ಗರಿಯ ಎಳೆ ಎಳೆ ಕಾಣುತ್ತಿತ್ತು. ನಾನು ನಿಂತದ್ದು ಮೂರಡಿ ದೂರದಲ್ಲಿ ಎಂಬುದು ಆಗ ತಲೆಗೆ ಹೋಗಲಿಲ್ಲ. 4ಕೆ ಟಿವಿ ಬಂದ ಮೇಲೆ ಚಂದಾ ಕಡಿಮೆಯದ್ದಾದರೆ ಮರ್ಯಾದೆಯೇ? ನೆಟ್‌ಫ್ಲಿಕ್ಸ್‌ನಲ್ಲಿ ತಿಂಗಳಿಗೆ 649 ರೂಪಾಯಿಯದ್ದೇ ಮಾಡಿಸಿದೆ.

ನಮ್ಮದು ಹಳೆಯ ಮನೆ, ಉದ್ದ ಚಾವಡಿ. ಈ ತುದಿಯ ಗೋಡೆಯಲ್ಲಿ ಟಿವಿ, ಆ ತುದಿಯಲ್ಲಿ ಅಮ್ಮನ ಈಜಿಚೇರು. ಕಪಾಟು ಮಾಡಲು ಬಂದ ಆಚಾರಿ ಟೇಪು ಬಿಟ್ಟುಹೋಗಿದ್ದರು. ಸುಮ್ಮನೆ ಅಳೆದೆ. ಹನ್ನೊಂದು ಅಡಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಳ್ಳೆಯ ದೃಷ್ಟಿಯ ಕಣ್ಣಿಗೂ ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲಿಗಿಂತ ಸಣ್ಣದು ಬೇರೆ ಬೇರೆಯಾಗಿ ಕಾಣುವುದು ಕಷ್ಟ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಆ ಅಗಲಕ್ಕೆ 1920 ಚುಕ್ಕಿ. ಅಂದರೆ ಒಂದು ಚುಕ್ಕಿ ಅರ್ಧ ಮಿಲಿಮೀಟರ್. ಐದೂವರೆ ಅಡಿ ದಾಟಿ ಕೂತರೆ ಅದು ಕಾಣುವುದೇ ಇಲ್ಲ. ಮತ್ತೆ ಅದರ ನಾಲ್ಕು ಪಟ್ಟು ಚುಕ್ಕಿಯ 4ಕೆ ಯಾರಿಗೆ? 720ಪಿಯ ದಪ್ಪ ಚುಕ್ಕಿ ಕೂಡ ಎಂಟೂವರೆ ಅಡಿಯಾಚೆ ಕರಗಿಹೋಗುತ್ತದೆ. ಹನ್ನೊಂದು ಅಡಿಯಲ್ಲಿ ಕೂತ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡ ಅಮ್ಮನಿಗಾಗಿ ನಾನು 4ಕೆಗೆ ದುಡ್ಡು ಕಟ್ಟುತ್ತಿದ್ದೆ.

2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿನ ದರ ಇಳಿಸಿದ ಮೇಲೆ ಟಿವಿಗೆ ಇದ್ದದ್ದು ಮೂರು: 199, 499, 649. 199ರಲ್ಲಿ ಮೊದಲು 480ಪಿ, ಆಮೇಲೆ 720ಪಿ, 499ರಲ್ಲಿ 1080ಪಿ, 649ರಲ್ಲಿ 4ಕೆ. ನಾನು 649 ಕಟ್ಟಿದ್ದು 14 ತಿಂಗಳು. 199 ಸಾಕಿತ್ತು. ಕಳಕೊಂಡದ್ದು 6,300 ರೂಪಾಯಿ, ಟಿವಿಯ ಏಳು ಸಾವಿರ ಬೇರೆ. 199ರಲ್ಲಿ ಒಂದು ಸಲಕ್ಕೆ ಒಂದೇ ಪರದೆ, ಅದು ನಿಜ. ನಮ್ಮಲ್ಲಿ ಇರುವುದೂ ಒಂದೇ ಟಿವಿ.

ಕಡಬದ ಕಡೆ ಇರುವ ಭಾವನ ಕಥೆ ಬೇರೆ. ಅವರಲ್ಲಿಗೆ ಫೈಬರ್ ಬಂದಿಲ್ಲ. ಕಿಟಕಿಯ ದಳಿಗೆ ಫೋನ್ ಒರಗಿಸಿಟ್ಟು ಹಾಟ್‌ಸ್ಪಾಟ್‌ನಲ್ಲಿ ಟಿವಿ ನೋಡುತ್ತಾರೆ. "ದಿನಕ್ಕೆ ಎರಡು ಜಿಬಿ ಉಂಟು ಮಾರಾಯ, ಒಂದು ಸಿನಿಮಾ ಮುಗಿಯುವುದಿಲ್ಲ ಎಂತಕ್ಕೆ?" ಎಂದು ಕೇಳಿದರು. ಅವರ ನೆಟ್‌ಫ್ಲಿಕ್ಸ್ ಖಾತೆಯ ಸೆಟ್ಟಿಂಗ್ ತೆರೆದು ನೋಡಿದರೆ ಡೇಟಾ ಬಳಕೆ 'ಹೈ'ಯಲ್ಲಿತ್ತು. ಎಚ್‌ಡಿಯಲ್ಲಿ ಅದು ಗಂಟೆಗೆ ಮೂರು ಜಿಬಿವರೆಗೆ ಎಳೆಯುತ್ತದೆ. ನಲವತ್ತು ನಿಮಿಷಕ್ಕೆ ಅವರ ದಿನ ಮುಗಿಯಿತು! 'ಮೀಡಿಯಂ'ಗೆ ಇಳಿಸಿದೆ. ಗಂಟೆಗೆ ಮುಕ್ಕಾಲು ಜಿಬಿಯೂ ಇಲ್ಲ. ಎರಡೂವರೆ ಗಂಟೆಯ ಸಿನಿಮಾ ಹಾಯಾಗಿ ಮುಗಿಯುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯದ ಗುತ್ತಿಗಾರು ಕಡೆ, ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನೆನಪಿರಬಹುದು. ನೆಟ್‌ವರ್ಕ್‌ಗೆ ಪರದಾಡುವ ಊರಿನಲ್ಲಿ ಜಿಬಿಯನ್ನು ಹೀಗೆ ಪೋಲು ಮಾಡುವುದೆಂದರೆ ನನಗೆ ಸಂಕಟವಾಗುತ್ತದೆ.

ಇತ್ತ ನಮ್ಮ ಚಾವಡಿಯಲ್ಲಿ ಅಮ್ಮ ನೋಡುವುದಾದರೂ ಏನು? ಯೂಟ್ಯೂಬಿನಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕೂತವರ ಮಾತು. ಅದಕ್ಕೆ 480ಪಿಯೇ ಧಾರಾಳ. ಹಳೆಯ ಕ್ಯಾಸೆಟಿನಿಂದ ಏರಿಸಿದ ಯಕ್ಷಗಾನದ ಆಟಗಳಂತೂ ಎಷ್ಟು ದುಬಾರಿ ಪರದೆಯಲ್ಲಿ ಹಾಕಿದರೂ ಮಸುಕೇ. ಇಲ್ಲದ ಚುಕ್ಕಿಯನ್ನು ಟಿವಿ ಎಲ್ಲಿಂದ ತಂದೀತು?

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಅದನ್ನು ನೋಡಿ 55 ಇಂಚಿನದ್ದಕ್ಕೆ ಮನಸ್ಸು ಮಾಡಿದವರು ಏಳಡಿಗಿಂತ ಹತ್ತಿರ ಕೂರುವುದಾದರೆ 4ಕೆ ಚಂದಾ ಧೈರ್ಯವಾಗಿ ತೆಗೆದುಕೊಳ್ಳಿ, ಮನೆಯ ಲೈನಿನಲ್ಲಿ 15 ಎಂಬಿಪಿಎಸ್ ಸ್ಥಿರವಾಗಿ ಬರುವುದಾದರೆ ಮಾತ್ರ. ಉಳಿದವರು ಚಾವಡಿ ಅಳೆದು, ಅಡಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಅಷ್ಟೇ ದೂರ ಹಿಂದೆ ಸರಿದು ನಿಂತು, ಗಿಳಿಯ ವಿಡಿಯೋ ತೆಗೆಸಿ, ನಿಮ್ಮ ಮನೆಯಲ್ಲಿ ದಿನಾ ನೋಡುವುದನ್ನೇ ಹಾಕಿಸಿ ನೋಡಿ.