ಎಡಗೈಗೊಂದು ಕೆಲಸ ಕೊಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಾವಿನ ತೋಟಗಳಲ್ಲಿ ಬಾದಾಮಿಯದೇ ದೊಡ್ಡ ಪಾಲು. ಕೋಲಾರದ ಹಣ್ಣಿಗಿಂತ ಮೊದಲೇ ನಮ್ಮದು ಮಾರುಕಟ್ಟೆ ಸೇರುತ್ತದೆ, ಕೊಯ್ಲೂ ಬೇಗ ಮುಗಿಯುತ್ತದೆ. ಅಲ್ಲಿಂದ ಆಗಸ್ಟ್ ತನಕ ಕೊಂಬೆ ಸವರುವ ಕಾಲ. ತಡ ಮಾಡಿದರೆ ಹೊಸ ಚಿಗುರು ಬಲಿಯುವ ಮೊದಲೇ ಹೂವಿನ ಕಾಲ ಬಂದುಬಿಡುತ್ತದೆ, ಆ ಚಿಗುರು ಹೂ ಬಿಡುವುದಿಲ್ಲ. ಈ ಅವಸರದ ಜೊತೆಗೆ ಆಳುಗಳೂ ಸಿಗದಾದಾಗ ನಮ್ಮ ತೋಟಕ್ಕೆ ಬಂದದ್ದು ಬ್ಯಾಟರಿ ಗರಗಸ. ಆರು ಇಂಚಿನ ಬಾರು, ಅದರ ಸುತ್ತ ಓಡುವ ಹಲ್ಲಿನ ಚೈನು, ಹಿಡಿಯ ಬುಡದಲ್ಲಿ ಬ್ಯಾಟರಿ. ಒಂದೇ ಕೈಯಲ್ಲಿ ಎತ್ತಬಹುದು. ಅನುಕೂಲವೂ ಅಪಾಯವೂ ಎರಡೂ ಇರುವುದು ಅಲ್ಲೇ.

ಕೊಡಲಿ ಎರಡೂ ಕೈಗಳನ್ನು ಬೇಡುತ್ತದೆ. ಮಚ್ಚು ಬೀಸುವವನ ತೋಳು ಸೋತರೆ ಅವನೇ ನಿಲ್ಲುತ್ತಾನೆ. ಈ ಗರಗಸಕ್ಕೆ ಬಲಗೈ ಒಂದೇ ಸಾಕು, ದಣಿವೂ ಗೊತ್ತಾಗುವುದಿಲ್ಲ. ಕೆಲಸವಿಲ್ಲದ ಎಡಗೈ ಸುಮ್ಮನಿರದೆ, ಕತ್ತರಿಸುತ್ತಿರುವ ರೆಂಬೆಯನ್ನೇ ಹಿಡಿಯಲು ಹೋಗುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯರೊಬ್ಬರು ಹೊಸ ಹುಡುಗರ ಕೈಗೆ ಗರಗಸ ಕೊಟ್ಟ ಮೇಲೆ ಚೈನು ನೋಡುವುದಿಲ್ಲ. "ಎಡಗೈ ಎಲ್ಲಿಟ್ಟಿದ್ದೀಯಪ್ಪಾ?" ಎನ್ನುತ್ತಾರೆ. ನಾನು ಕಲಿತದ್ದರಲ್ಲಿ ಬಹುಪಾಲು ಆ ಪ್ರಶ್ನೆಯಿಂದಲೇ.

ಮೊದಲನೆಯದು, ಮುಂದೆ ಇನ್ನೊಂದು ಹಿಡಿ ಇರುವ ಗರಗಸವನ್ನೇ ಕೊಳ್ಳುವುದು. ಎರಡೂ ಕೈ ಯಂತ್ರದ ಮೇಲಿದ್ದರೆ ಅದು ಎಗರಿದಾಗ ಅಂಕೆಯಲ್ಲಿರುತ್ತದೆ. ಎಗರುವುದು ಯಾವಾಗ? ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದಾಗ. ಓಡುತ್ತಿರುವ ಚೈನು ಅಲ್ಲಿ ಕಚ್ಚಿಕೊಂಡು ಇಡೀ ಬಾರನ್ನು ಮುಖದ ಕಡೆಗೆ ಎಸೆಯುತ್ತದೆ. ಆದ್ದರಿಂದ ತುದಿಯಿಂದ ಚುಚ್ಚಬಾರದು, ಹಿಡಿಯ ಹತ್ತಿರದ ಭಾಗವನ್ನು ಕೊಂಬೆಗೆ ಒತ್ತಿ ಶುರು ಮಾಡಬೇಕು, ತುದಿ ಆಚೆ ಬಯಲಲ್ಲಿ ಕಾಣುತ್ತಿರಬೇಕು. ಬಾರಿಗಿಂತ ದಪ್ಪದ ಕೊಂಬೆ ಈ ಗರಗಸದ ಕೆಲಸವಲ್ಲ. ಗರಗಸ ಹೆಗಲಿಗಿಂತ ಮೇಲೂ ಹೋಗಬಾರದು.

ಏಣಿಯ ಮೇಲೆ ನಿಂತರೆ ಎಡಗೈ ಏಣಿಯನ್ನು ಹಿಡಿಯಬೇಕು, ಗರಗಸಕ್ಕೆ ಉಳಿಯುವುದು ಒಂದೇ ಕೈ. ಹಾಗಾಗಿ ನಮ್ಮ ತೋಟದಲ್ಲಿ ಏಣಿ ಹತ್ತಿ ಗರಗಸ ಹಿಡಿಯುವುದನ್ನೇ ನಿಲ್ಲಿಸಿದೆವು. ಎತ್ತರದ ಕೊಂಬೆಗೆ ಉದ್ದ ಕೋಲಿನ ಗರಗಸವನ್ನು ನೆಲದ ಮೇಲೆ ನಿಂತು ಎರಡೂ ಕೈಯಲ್ಲಿ ಹಿಡಿಯುತ್ತೇವೆ, ಕೊಂಬೆಯ ನೇರ ಕೆಳಗೆ ನಿಲ್ಲದೆ. ಆ ಕೋಲು ಬಹುತೇಕ ಅಲ್ಯೂಮಿನಿಯಂನದು. ಪಂಪ್‌ಸೆಟ್ಟಿಗೆ ಹೋಗುವ ತಂತಿಯ ಹತ್ತಿರದ ಮರಗಳನ್ನು ಅದರಿಂದ ಮುಟ್ಟುವಂತಿಲ್ಲ. ಲೈನ್ ಆಫ್ ಮಾಡಿಸಿಯೇ ಮುಂದಿನ ಮಾತು.

ಎಡಗೈಯನ್ನು ಸೆಳೆಯುವ ಇನ್ನೊಂದು, ಕೆಂಜಿಗ. ಎಲೆ ಹೆಣೆದ ಅದರ ಗೂಡಿರುವ ಕೊಂಬೆ ಅಲುಗಿದೊಡನೆ ಕುತ್ತಿಗೆಗೆ ಇಳಿದು ಕಚ್ಚುತ್ತದೆ, ಕೈ ತಾನಾಗಿ ಕೊಡವಲು ಏಳುತ್ತದೆ. ಗರಗಸ ಚಾಲೂ ಇದ್ದರೆ ಏನಾಗಬಹುದೋ ಊಹಿಸಿ. ಮೊದಲು ಕೋಲಿನಿಂದ ಮರವನ್ನು ಅಲುಗಿಸಿ ನೋಡುವುದು ರೂಢಿಯಾಗಬೇಕು. ಆದರೆ ಅದಕ್ಕೂ ಮೊದಲು ಕತ್ತೆತ್ತಿ ಹೆಜ್ಜೇನು, ಕಣಜ ಹುಡುಕಬೇಕು. ಅವು ಕಂಡರೆ ಆ ಮರವನ್ನು ಬಿಟ್ಟುಬಿಡುವುದು. ಕಣ್ಣಿಗೆ ಹೊಟ್ಟು ಬಿದ್ದರೂ ಕೈ ಹೋಗುವುದು ಕಣ್ಣಿಗೇ. ಕನ್ನಡಕ ಕಣ್ಣಿನ ಜೊತೆಗೆ ಕೈಯನ್ನೂ ಉಳಿಸುತ್ತದೆ. ಹೆಗಲ ಮೇಲಿನ ಟವಲಿನ ವಿಷಯವನ್ನು ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಆಲೆಮರ ಕಡೆದು ಬೊಂಬೆ ಮಾಡುವವರ ಹತ್ತಿರ ಕೇಳಿ. ತಿರುಗುವ ಯಂತ್ರದ ಪಕ್ಕ ಜೋತಾಡುವ ಬಟ್ಟೆ ಇರಬಾರದು. ಕೈಗವಸು ಕೂಡ ಬಿಗಿಯಾಗಿರಬೇಕು.

ಕತ್ತರಿಸಲು ಮೂರು ಹೆಜ್ಜೆ. ಕಾಂಡದಿಂದ ಒಂದು ಗೇಣು ಆಚೆ, ಕೆಳಗಿನಿಂದ ಕಾಲುಭಾಗ ಕೊಯ್ಯಬೇಕು. ಇಲ್ಲಿ ಬಾರಿನ ಮೇಲಂಚು ಕೆಲಸ ಮಾಡುವುದರಿಂದ ಗರಗಸ ನಮ್ಮ ಕಡೆಗೇ ತಳ್ಳುತ್ತದೆ, ಕೈ ಬಿಗಿಯಿರಲಿ. ಅಲ್ಲಿಂದ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ತೊಗಟೆ ಸಿಗಿಯದೆ ಕೊಂಬೆ ಬೀಳುತ್ತದೆ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಬ್ಬಿದಂತಿರುವ ಭಾಗ ಉಳಿಯುವಂತೆ ಕೊನೆಗೆ ತೆಗೆಯಬೇಕು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್ ಸೇರಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿದ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿಯುವುದು. ಮಾವಿನ ಸೊನೆ ಚರ್ಮ ಸುಡುತ್ತದೆ, ತುಂಬುತೋಳಿನ ಅಂಗಿ ಬೇಕು. ಯಾವ ಕೊಂಬೆ ತೆಗೆದರೆ ಮರದ ನಡುವೆ ಬಿಸಿಲು ಬೀಳುತ್ತದೆ ಎಂಬ ಗೊಂದಲವಿದ್ದರೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ರೇಷ್ಮೆ ಸೊಪ್ಪಿನ ಲೆಕ್ಕ ಬೇರೆ. ಹುಳುವಿಗೆ ಹಾಕುವ ಎಳೆಕಡ್ಡಿಗೆ ನಾನು ಈ ಗರಗಸ ತಾಗಿಸುವುದಿಲ್ಲ, ಅದಕ್ಕೆ ಕುಡುಗೋಲೇ ಸರಿ. ಬಳುಕುವ ಕಡ್ಡಿ ಚೈನಿಗೆ ಸಿಕ್ಕಿ ಕೈಗೆ ಬಾರಿಸುತ್ತದೆ, ಜೊತೆಗೆ ಚೈನಿನ ಎಣ್ಣೆ ಎಲೆಗೆ ಸಿಡಿಯುತ್ತದೆ. ಎಲೆಗೆ ಅಂಟಿದ್ದು ಹುಳುವಿನ ಹೊಟ್ಟೆಗೆ ಹೋಗುತ್ತದೆ, ಹುಳು ಬಲು ಸೂಕ್ಷ್ಮ. ವರ್ಷಕ್ಕೊಮ್ಮೆ ಗಿಡವನ್ನು ಬುಡದ ಹತ್ತಿರ ಸವರುವಾಗ ಸಿಗುವ ದಪ್ಪ ಕಾಂಡಕ್ಕೆ ಮಾತ್ರ ಗರಗಸ. ಮಚ್ಚಿನ ಏಟಿಗೆ ಸೀಳುವ ತೊಗಟೆ ಇಲ್ಲಿ ಉಳಿಯುತ್ತದೆ.

ಚೈನಿಗೆ ಹೊಟ್ಟು ಸಿಕ್ಕಿಕೊಂಡಾಗ ಎಡಗೈ ತೆಗೆಯಲು ಹೋಗುತ್ತದೆ. ಮೊದಲು ಬ್ಯಾಟರಿ ಕಳಚಬೇಕು, ಆಮೇಲೆ ಚೈನು ಮುಟ್ಟಬೇಕು. ಬರೀ ಗುಂಡಿ ಬಿಟ್ಟರೆ ಸಾಲದು. ಚೈನನ್ನು ಎಳೆದರೆ ಸ್ವಲ್ಪ ಏಳಬೇಕು, ಜೋತುಬೀಳಬಾರದು. ಬ್ಯಾಟರಿಯ ಮೇಲೆ 48 ವೋಲ್ಟ್ ಎಂದು ಬರೆದಿದ್ದನ್ನು ನಂಬುವ ಮುನ್ನ ಒಳಗಿನ ಲೆಕ್ಕ ನೋಡಿ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಸಾಲಾಗಿ ಐದು ಸೇರಿದರೆ 21, ಅಷ್ಟೇ. ಚಾರ್ಜರೂ ಅದಕ್ಕೆ ಹೊಂದುವುದೇ ಆಗಬೇಕು. ಬಿಸಿಯಾದ ಬ್ಯಾಟರಿ ಆರಿದ ಮೇಲೆ ಚಾರ್ಜಿಗೆ ಹಾಕುವುದು. ಜಾಗವೂ ಮುಖ್ಯ. ಹುಲ್ಲಿನ ಮೆದೆ, ಕಾದ ತಗಡಿನ ಶೆಡ್ಡು, ಹುಳುಮನೆ ಇವೆಲ್ಲ ಬೇಡ. ಊದಿದ ಬ್ಯಾಟರಿಯನ್ನು ಮತ್ತೆ ಬಳಸುವಂತಿಲ್ಲ.

ನಮ್ಮೂರಲ್ಲಿ ಏಣಿ, ಪಿಕಾಸಿ ಎರವಲು ಹೋಗಿ ಬರುವುದು ಸಹಜ, ಗರಗಸವನ್ನೂ ಕೇಳುತ್ತಾರೆ. ಕೇಳಿದವರಿಗೆ ಕನ್ನಡಕ, ಕೈಗವಸು, ಚೈನು ಬಿಗಿಸುವ ಕೀಲಿ ಸಮೇತ ಕೊಡುತ್ತೇನೆ, ಬ್ಯಾಟರಿ ಕಳಚಿ ಬೇರೆಯಾಗಿ. "ಗರಗಸ ಒಂದೇ ಸಾಕು ಬಿಡಣ್ಣ" ಎಂದವರಿಗೆ ಕೊಡುವುದಿಲ್ಲ. ಜಿಪುಣ ಅಂದುಕೊಂಡರೂ ಪರವಾಗಿಲ್ಲ.